ಕ್ರಿಸ್ಮಸ್ ದೀಪದ ಸರ: ಮರದಿಂದ ಗುಜರಿಗೆ

ಕ್ರಿಸ್ಮಸ್ ಮರಕ್ಕೆ ಮೊದಲು ವಿದ್ಯುತ್ ದೀಪ ಕಟ್ಟಿದ್ದು 1882ರಲ್ಲಿ, ನ್ಯೂಯಾರ್ಕ್‌ನಲ್ಲಿ. ಎಡಿಸನ್ ಕಂಪನಿಯ ಉಪಾಧ್ಯಕ್ಷರಾಗಿದ್ದ ಎಡ್ವರ್ಡ್ ಜಾನ್ಸನ್ ತಮ್ಮ ಮನೆಯ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಬಲ್ಬುಗಳನ್ನು ಜೋಡಿಸಿದರು. ಅದುವರೆಗೆ ಕೊಂಬೆಗಳ ಮೇಲೆ ಉರಿಯುತ್ತಿದ್ದದ್ದು ಮೇಣದ ಬತ್ತಿ. ಮರ ಒಣಗಿದಂತೆಲ್ಲ ಬೆಂಕಿಯ ಭಯವೂ ಹೆಚ್ಚುತ್ತಿತ್ತು. ಕ್ರಮೇಣ ದೀಪಗಳು ಮನೆಯಿಂದ ಬೀದಿಗೆ ಬಂದವು. ಲಂಡನ್ನಿನ ರೀಜೆಂಟ್ ಸ್ಟ್ರೀಟ್ 1954ರಲ್ಲಿ, ಆಕ್ಸ್‌ಫರ್ಡ್ ಸ್ಟ್ರೀಟ್ 1959ರಲ್ಲಿ ದೀಪಾಲಂಕಾರ ಆರಂಭಿಸಿದವು. ಅಮೆರಿಕದ ಹಲವು ದೊಡ್ಡ ನಗರಗಳ ರಾತ್ರಿ ಬೆಳಕು ಕ್ರಿಸ್ಮಸ್ ಹೊತ್ತಿಗೆ ಶೇ 20ರಿಂದ 50ರಷ್ಟು ಏರುವುದನ್ನು ನಾಸಾ ವಿಜ್ಞಾನಿಗಳು ಉಪಗ್ರಹದ ಚಿತ್ರಗಳಲ್ಲಿ ಗುರುತಿಸಿ 2014ರಲ್ಲಿ ಪ್ರಕಟಿಸಿದರು.

ಇಷ್ಟೆಲ್ಲ ಬೆಳಗುವ ಸರದ ರಚನೆ ಬಹಳ ಸರಳ. ಅಮೆರಿಕದ ಮನೆಗಳಿಗೆ ಬರುವುದು 120 ವೋಲ್ಟ್ ವಿದ್ಯುತ್. 50 ಪುಟ್ಟ ಬಲ್ಬುಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿದರೆ ಒಂದೊಂದರ ಪಾಲಿಗೆ ಬರುವುದು ಸುಮಾರು 2.4 ವೋಲ್ಟ್ ಮಾತ್ರ. ಟ್ರಾನ್ಸ್‌ಫಾರ್ಮರ್ ಬೇಕಿಲ್ಲ, ಹಾಗಾಗಿ ಸರ ಅಗ್ಗ. ಕರ್ನಾಟಕದ ಜಾತ್ರೆ, ಮದುವೆಮನೆಗಳಲ್ಲಿ ತೂಗುವ ಸೀರಿಯಲ್ ಸೆಟ್ಟಿನದೂ ಇದೇ ತತ್ವ. ಇಲ್ಲಿ ಹಂಚಿಕೆಯಾಗುವುದು 230 ವೋಲ್ಟ್.

ಸರಣಿಯ ದೌರ್ಬಲ್ಯ ಒಂದೇ: ಒಂದು ತಂತು ಕಡಿದರೆ ಇಡೀ ಸರ ಆರಬೇಕು. ಹಳೆಯ ಸರಗಳಲ್ಲಿ ಹಾಗೇ ಆಗುತ್ತಿತ್ತು. ಇದಕ್ಕೆ ಸಿಕ್ಕ ಪರಿಹಾರ ನಿಜಕ್ಕೂ ಜಾಣತನದ್ದು. ಬಲ್ಬಿನೊಳಗೆ ತಂತುವಿನ ಕೆಳಗೆ, ಅದನ್ನು ಹಿಡಿದಿರುವ ಎರಡು ಕಡ್ಡಿಗಳಿಗೆ ಇನ್ನೊಂದು ತೆಳು ತಂತಿಯನ್ನು ಸುತ್ತಿರುತ್ತಾರೆ. ಅದರ ಮೈಮೇಲಿನ ಆಕ್ಸೈಡ್ ಪದರ 2.4 ವೋಲ್ಟ್ ಇರುವಾಗ ವಿದ್ಯುತ್ತನ್ನು ಬಿಡುವುದಿಲ್ಲ. ತಂತು ಕಡಿದ ಕ್ಷಣದಲ್ಲಿ ಪೂರ್ತಿ 120 ವೋಲ್ಟ್ ಆ ಒಂದೇ ಬಲ್ಬಿನ ಮೇಲೆ ಬೀಳುತ್ತದೆ. ಪದರ ಸುಟ್ಟು ಹೋಗಿ, ವಿದ್ಯುತ್ತು ಬಳಸುದಾರಿಯಲ್ಲಿ ಮುಂದೆ ಹರಿಯುತ್ತದೆ. ಸರ ಉರಿಯುತ್ತಲೇ ಇರುತ್ತದೆ. ಆದರೆ ಸತ್ತ ಬಲ್ಬಿನ ಪಾಲು ಉಳಿದ 49ಕ್ಕೆ ಹಂಚಿಹೋಗಿ ಅವು ತುಸು ಹೆಚ್ಚು ಕಾಯುತ್ತವೆ. ಕೆಟ್ಟವನ್ನು ಬದಲಿಸದಿದ್ದರೆ ಉಳಿದವೂ ಬೇಗ ಬೇಗ ಕೆಡುತ್ತವೆ. ಬಲ್ಬು ಹೋಲ್ಡರಿನಿಂದಲೇ ಕಳಚಿ ಬಿದ್ದರಂತೂ ಈ ಉಪಾಯ ನಡೆಯದು.

ಎಲ್‌ಇಡಿ ಸರದಲ್ಲಿ ತಂತುವೇ ಇಲ್ಲ. ಬಣ್ಣ ಹುಟ್ಟುವುದು ಅರೆವಾಹಕದಲ್ಲಿ. ಕೆಂಪು, ಹಸಿರು ಮೊದಲೇ ಇದ್ದವು. ಪ್ರಖರ ನೀಲಿ ಸಿಕ್ಕಿದ್ದು 1990ರ ದಶಕದಲ್ಲಿ. ಅದಕ್ಕಾಗಿ ಅಕಾಸಾಕಿ, ಅಮಾನೊ, ನಕಮುರಾ ಅವರಿಗೆ 2014ರ ನೊಬೆಲ್ ಬಂತು. ನೂರು ಹಳೆಯ ಮಿನಿ ಬಲ್ಬುಗಳಿಗೆ ಸುಮಾರು 40 ವಾಟ್ ಬೇಕಾದರೆ ಎಲ್‌ಇಡಿಗೆ ಅದರ ಒಂದು ಸಣ್ಣ ಪಾಲು ಸಾಕು.

ಕ್ರಿಸ್ಮಸ್ಸಿನ ಹನ್ನೆರಡು ದಿನ ಮುಗಿದು ಜನವರಿ 5 ಅಥವಾ 6 ಬಂದರೆ ಅಲಂಕಾರ ಇಳಿಸುವುದು ಇಂಗ್ಲೆಂಡಿನ ರೂಢಿ. ಕೆಟ್ಟ ಸರಗಳು ಗುಜರಿ ಸೇರುತ್ತವೆ. ಅಮೆರಿಕದ ಹಳೆಯ ಸರಗಳು ರಾಶಿಗಟ್ಟಲೆ ಹೋಗುತ್ತಿದ್ದುದು ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಶಿಜಿಯಾವ್ ಪಟ್ಟಣಕ್ಕೆ. ಮೊದಮೊದಲು ಅಲ್ಲಿ ಸರಗಳನ್ನು ಸುಟ್ಟು ತಾಮ್ರ ತೆಗೆಯುತ್ತಿದ್ದರು. ಆಮೇಲೆ ಕತ್ತರಿಸಿ ಪುಡಿ ಮಾಡಿ, ನೀರು ಹರಿಯುವ ಅದುರುವ ಹಲಗೆಯ ಮೇಲೆ ಸುರಿಯತೊಡಗಿದರು. ಮೊರದಲ್ಲಿ ಕೇರಿದಾಗ ಕಾಳು ಹೊಟ್ಟು ಬೇರಾಗುವಂತೆ ಭಾರದ ತಾಮ್ರ ಒಂದು ಕಡೆ, ಹಗುರ ಪ್ಲಾಸ್ಟಿಕ್ ಇನ್ನೊಂದು ಕಡೆ ಸರಿಯುತ್ತಿತ್ತು. ಆ ಪ್ಲಾಸ್ಟಿಕ್ ಚಪ್ಪಲಿಯ ಅಟ್ಟೆಯಾಗುತ್ತಿತ್ತು.

ತಂತಿಯ ಹೊದಿಕೆ ಸಾಮಾನ್ಯವಾಗಿ ಪಿವಿಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಮತ್ತು ಡಯಾಕ್ಸಿನ್‌ನಂಥ ವಿಷಗಳು ಹೊರಬರುತ್ತವೆ. ಕೆಟ್ಟ ಸರವನ್ನು ಕಸದ ಜೊತೆ ಸುಡದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು.