ಆನೆಕಾಲು: ದೇಹದ ಬಸಿಗಾಲುವೆ ಕೆಟ್ಟಾಗ

ಹೊಸಪೇಟೆ, ಹಂಪಿ, ಕಂಪ್ಲಿಗಳ ಗದ್ದೆಗಳಿಗೆ ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ತುಂಗಭದ್ರೆಯ ನೀರನ್ನು ಉಣಿಸುತ್ತಿವೆ. ಆ ನೀರು ಬಸಿದುಹೋಗದಿದ್ದರೆ ಗದ್ದೆ ಜವುಗಾಗುವುದೆಂಬುದನ್ನು ಅಲ್ಲಿನ ರೈತನು ಬಲ್ಲನು. ನಮ್ಮ ದೇಹದಲ್ಲಿಯೂ ಬಸಿಗಾಲುವೆಗಳುಂಟು, ಅವೇ ದುಗ್ಧನಾಳಗಳು. ರಕ್ತನಾಳಗಳಿಂದ ಒಸರಿ ಅಂಗಾಂಶಗಳಲ್ಲಿ ಉಳಿದ ದ್ರವವನ್ನು ಇವು ಮರಳಿ ರಕ್ತಕ್ಕೆ ಸೇರಿಸುತ್ತವೆ.

ಕ್ಯೂಲೆಕ್ಸ್ ಸೊಳ್ಳೆಯು ಹರಡುವ ಫೈಲೇರಿಯಾ ಹುಳುಗಳು ಈ ನಾಳಗಳಲ್ಲಿ ನೆಲೆಸಿ ಅವನ್ನು ಕೆಡಿಸುತ್ತವೆ. ದ್ರವವು ನಿಂತು ಕಾಲು ಬಾತುಕೊಳ್ಳುವುದು. ಇದೇ ಆನೆಕಾಲು ರೋಗ. ಔಷಧದಿಂದ ಹುಳು ಸತ್ತರೂ ಕೆಟ್ಟ ನಾಳವು ಮೊದಲಿನಂತಾಗದು. ಬಾತ ಕಾಲಿನ ಬೆರಳ ಸಂದುಗಳ ಬಿರುಕಿನಿಂದ ಬ್ಯಾಕ್ಟೀರಿಯಗಳು ಒಳಹೊಕ್ಕು ಚಳಿಜ್ವರ ಬರಿಸುತ್ತವೆ. ಜ್ವರ ಮರುಕಳಿಸಿದಂತೆಲ್ಲ ಬಾವು ಬೆಳೆಯುತ್ತದೆ. ಕೆಸರಿನಲ್ಲಿ ನಿಂತು ನಾಟಿ ಮಾಡುವವರು ಇದನ್ನು ಗಮನಿಸಬೇಕು.

ಆದುದರಿಂದ ಚಿಕಿತ್ಸೆಯ ಮೊದಲ ಸಾಧನ ಸಾಬೂನು ಎಂದರೆ ವಾಚಕರು ನಗಬಾರದು. ದಿನವೂ ಕಾಲನ್ನು ತೊಳೆದು ಸಂದುಗಳನ್ನು ಒರಸಿ ಒಣಗಿಸಬೇಕು. ದುಗ್ಧರಸವನ್ನು ನೂಕಲು ಹೃದಯದಂತಹ ಪಂಪು ಇಲ್ಲ. ನಾಳಗಳ ಸಂಕೋಚನಕ್ಕೆ ಸ್ನಾಯುಗಳ ಚಲನೆಯೂ ದೀರ್ಘ ಉಸಿರಾಟವೂ ನೆರವಾಗುತ್ತವೆ. ಪಾದದಿಂದ ಮೇಲಕ್ಕೆ ಸುತ್ತಿದ ಪಟ್ಟಿಯು ಇದಕ್ಕೆ ಆಸರೆ. ಕನ್ನಡನಾಡಿನ ಅಂಚಿನಲ್ಲಿರುವ ಕಾಸರಗೋಡಿನಲ್ಲಿ 1999ರಲ್ಲಿ ಸ್ಥಾಪಿತವಾದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯು ಇವುಗಳೊಡನೆ ಯೋಗ, ಆಯುರ್ವೇದಗಳನ್ನು ಕೂಡಿಸಿ, ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಆರೈಕೆಯೊಂದನ್ನು ರೂಪಿಸಿದೆ. ಪಟ್ಟಿಯ ಬಿಗಿಯನ್ನು ಮಾತ್ರ ತಿಳಿದವರಿಂದಲೇ ಕಲಿಯಬೇಕು. ಜ್ವರವಿರುವಾಗ ವ್ಯಾಯಾಮವು ಸಲ್ಲದು.