ಕರ್ನಲ್‌ನೊಳಗೆ ಓದಿದ ಎಣಿಕೆ ಯಾರ ಲೆಕ್ಕ?

ಪ್ರೊಸೆಸರ್‌ನ ಒಡಲಲ್ಲೇ ಎಣಿಸುವ ಕೌಂಟರ್‌ಗಳಿವೆ. ಎಷ್ಟು ಇನ್‌ಸ್ಟ್ರಕ್ಷನ್‌ಗಳು ಮುಗಿದವು, ಎಷ್ಟು ಸೈಕಲ್ ಕಳೆದವು, ಬೇಕಾದ ಡೇಟಾ ಕ್ಯಾಶ್‌ನಲ್ಲಿ ಎಷ್ಟು ಸಲ ಸಿಗಲಿಲ್ಲ ಎಂಬುದನ್ನು ಅವು ಎಣಿಸುತ್ತಿರುತ್ತವೆ. ಲಿನಕ್ಸ್ ಕರ್ನಲ್‌ನೊಳಗೆ ಓಡುವ ಇಬಿಪಿಎಫ್ ಎಂಬ ಪುಟ್ಟ ಪ್ರೋಗ್ರಾಂಗಳಿಗೆ ಈ ಕೌಂಟರ್‌ಗಳನ್ನು ಓದುವ ಸೌಲಭ್ಯ 2015ರಲ್ಲಿ, 4.3ನೇ ಆವೃತ್ತಿಯಲ್ಲಿ ಬಂತು. ಜೊತೆಗೇ ಒಂದು ನಂಬಿಕೆಯೂ ಬೇರೂರಿತು: ಫಂಕ್ಷನ್ ಶುರುವಾದಾಗ ಒಮ್ಮೆ, ಮುಗಿದಾಗ ಒಮ್ಮೆ ಓದಿ ಕಳೆದರೆ ಆ ಫಂಕ್ಷನ್‌ನ ಖರ್ಚು ಕರಾರುವಾಕ್ಕಾಗಿ ಸಿಗುತ್ತದೆ. ಎಣಿಸಿದ್ದು ಹಾರ್ಡ್‌ವೇರ್, ಓದಿದ್ದು ಕರ್ನಲ್‌ನ ಒಳಗಿನಿಂದಲೇ, ಇನ್ನು ತಪ್ಪಿಗೆ ಜಾಗವೆಲ್ಲಿ ಎಂಬುದು ಇದರ ಹಿಂದಿನ ತರ್ಕ. ಈ ತರ್ಕ ತಪ್ಪು. ಸಿಪಿಯುವಿನ ಕೌಂಟರ್‌ಗೆ ಫಂಕ್ಷನ್ ಎಂಬುದೇ ಗೊತ್ತಿಲ್ಲ. ಎರಡು ಕ್ಷಣಗಳ ನಡುವೆ ಆ ಸಿಪಿಯು ಮಾಡಿದ ಎಲ್ಲ ಕೆಲಸವನ್ನೂ ಅದು ಒಟ್ಟಿಗೇ ಎಣಿಸುತ್ತದೆ. ಅದರಲ್ಲಿ ನಮ್ಮ ಪಾಲೆಷ್ಟು ಎಂದು ಸಾಬೀತು ಮಾಡುವ ಹೊಣೆ ಓದಿದವರದೇ.

ಮೊದಲು ಜಾಗದ ಪ್ರಶ್ನೆ. ಕೌಂಟರ್‌ಗಳನ್ನು ಸಾಮಾನ್ಯವಾಗಿ ಸಿಪಿಯುಗೊಂದರಂತೆ ತೆರೆಯುತ್ತಾರೆ, ಇಬಿಪಿಎಫ್ ಪ್ರೋಗ್ರಾಂ ತಾನು ಓಡುತ್ತಿರುವ ಸಿಪಿಯುವಿನದನ್ನಷ್ಟೇ ಓದಬಲ್ಲದು. ಫಂಕ್ಷನ್ 2ನೇ ಸಿಪಿಯುವಿನಲ್ಲಿ ಶುರುವಾಗಿ, ನಡುವೆ ಡಿಸ್ಕಿಗಾಗಿ ಕಾದು, 5ನೆಯದರಲ್ಲಿ ಮುಗಿದರೆ ನಾವು ಕಳೆಯುವುದು ಸಂಬಂಧವೇ ಇಲ್ಲದ ಎರಡು ಸಂಖ್ಯೆಗಳನ್ನು. ಅದೇ ಸಿಪಿಯುವಿಗೆ ಮರಳಿದರೂ ಕಾಯುತ್ತಿದ್ದಾಗ ಅಲ್ಲಿ ಓಡಿದ ಬೇರೆ ಪ್ರೋಗ್ರಾಂಗಳ ಕೆಲಸ ನಮ್ಮ ಲೆಕ್ಕಕ್ಕೆ ಸೇರಿರುತ್ತದೆ. ಹಾಗಾದರೆ ಕೌಂಟರನ್ನು ಸಿಪಿಯುವಿಗಲ್ಲದೆ ಓಡುವ ಒಂದು ಟಾಸ್ಕ್‌ಗೇ ಕಟ್ಟಿಬಿಟ್ಟರಾಯಿತಲ್ಲ ಎನ್ನಬಹುದು. ಕಟ್ಟಬಹುದು, ಆದರೆ ಅದನ್ನು ಓದಲು ಆ ಟಾಸ್ಕೇ ಓಡುತ್ತಿರಬೇಕು. ಮಕ್ಕಳ ಪ್ರೋಸೆಸ್‌ಗಳಿಗೂ ಹಬ್ಬುವಂತೆ ತೆರೆದ ಕೌಂಟರನ್ನು ಕರ್ನಲ್ ಹೀಗೆ ಓದಗೊಡುವುದೇ ಇಲ್ಲ. ಹಲವು ಪ್ರೋಸೆಸ್‌ಗಳ ಡೇಟಾಬೇಸನ್ನು ಅಳೆಯುವವರಿಗೆ ಈ ದಾರಿ ಇಕ್ಕಟ್ಟಿನದು.

ಅಳೆಯುವ ಉಪಕರಣದ ಭಾರ ಎರಡನೆಯದು. ಕರ್ನಲ್‌ನ ಬೇಕಾದ ಜಾಗದಲ್ಲಿ ಕಣ್ಣಿಡಲು ಬಳಸುವ ಕೆಪ್ರೋಬ್ಸ್‌ನಲ್ಲಿ ಬೆಂಗಳೂರಿನ ಪಾಲು ದೊಡ್ಡದು. 2002ರಲ್ಲಿ ವಂಶಿಕೃಷ್ಣ ಅದರ ಮೊದಲ ರೂಪ ಬರೆದರು, ಸುಪರ್ಣಾ ಭಟ್ಟಾಚಾರ್ಯ, ಪ್ರಸನ್ನ ಪಂಚಮುಖಿ ಮೊದಲಾದ ಐಬಿಎಂ ಎಂಜಿನಿಯರುಗಳು ಬೆಳೆಸಿದರು, 2004ರಲ್ಲಿ 2.6.9ನೇ ಆವೃತ್ತಿಯೊಂದಿಗೆ ಅದು ಲಿನಕ್ಸ್‌ಗೆ ಸೇರಿತು. ಅದ್ಭುತ ಸಾಧನ, ಆದರೆ ಪುಕ್ಕಟೆಯಲ್ಲ. ಆರಂಭದ ಓದಿನ ನಂತರ ನಮ್ಮ ಪ್ರೋಗ್ರಾಂ ಆ ಸಂಖ್ಯೆಯನ್ನು ಬರೆದಿಡುವುದು, ಪ್ರೋಬ್‌ನಿಂದ ಮರಳುವುದು, ಕೊನೆಯಲ್ಲಿ ಮತ್ತೆ ಪ್ರೋಬ್‌ಗೆ ಬರುವುದು, ಎಲ್ಲವೂ ಫಂಕ್ಷನ್‌ನ ಹೆಸರಿಗೇ ಜಮೆಯಾಗುತ್ತವೆ. ಹತ್ತಾರು ಇನ್‌ಸ್ಟ್ರಕ್ಷನ್‌ಗಳ ಫಂಕ್ಷನ್‌ಗಿಂತ ಈ ಭಾರವೇ ಹೆಚ್ಚಾದೀತು. ಖಾಲಿ ಫಂಕ್ಷನ್ ಅಳೆದು ಆ ಭಾರವನ್ನು ಕಳೆಯಿರಿ ಎಂಬ ಸಲಹೆ ಇನ್‌ಸ್ಟ್ರಕ್ಷನ್ ಎಣಿಕೆಗೆ ಬಹುಮಟ್ಟಿಗೆ ಸರಿ. ಕ್ಯಾಶ್ ಎಣಿಕೆಗೆ ಸಲ್ಲದು: ನಮ್ಮ ಪ್ರೋಗ್ರಾಂ ಮುಟ್ಟಿದ ಮೆಮೊರಿ ಫಂಕ್ಷನ್‌ಗೆ ಬೇಕಿದ್ದ ಡೇಟಾವನ್ನೇ ಕ್ಯಾಶ್‌ನಿಂದ ಹೊರದೂಡಬಹುದು, ಆ ಹಾನಿ ಎಷ್ಟೆಂಬುದು ಸಲ ಸಲಕ್ಕೂ ಬೇರೆ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಮೂರನೆಯದು. ಎಷ್ಟು ಬಗೆಯ ಘಟನೆಗಳನ್ನಾದರೂ ಒಟ್ಟಿಗೇ ಎಣಿಸಬಹುದು ಎಂದುಕೊಳ್ಳುತ್ತೇವೆ, ಆದರೆ ಕೌಂಟರ್‌ಗಳು ಕೆಲವೇ. ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರ್‌ನಲ್ಲಿ ಹೈಪರ್‌ಥ್ರೆಡಿಂಗ್ ಇದ್ದಾಗ ಪ್ರತಿ ಥ್ರೆಡ್‌ಗೆ ಮೂರು ನಿಗದಿತ ಕೌಂಟರ್, ಬೇಕಾದ ಘಟನೆಗೆ ಹಚ್ಚಬಹುದಾದವು ನಾಲ್ಕೇ. ಸಿಪಿಯು ಸಿಕ್ಕಿಬಿದ್ದಿದೆಯೇ ಎಂದು ಕಾಯುವ ಕರ್ನಲ್‌ನ ವಾಚ್‌ಡಾಗ್ ಸಾಮಾನ್ಯವಾಗಿ ಇವುಗಳಲ್ಲಿ ಒಂದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೆಚ್ಚು ಕೇಳಿದರೆ ಕರ್ನಲ್ ಸರದಿ ಹಚ್ಚುತ್ತದೆ, ಒಟ್ಟು ಸಮಯಕ್ಕೂ ನಿಜವಾಗಿ ಎಣಿಸಿದ ಸಮಯಕ್ಕೂ ಇರುವ ಅನುಪಾತದಿಂದ ನಾವು ಪೂರ್ತಿ ಲೆಕ್ಕ ಅಂದಾಜು ಮಾಡುತ್ತೇವೆ. ಇಳಕಲ್ ಸೀರೆಯ ಒಡಲಿನಲ್ಲಿ ಒಂದಿಂಚಿನ ಎಳೆ ಎಣಿಸಿ ಅಗಲಕ್ಕೆ ಗುಣಿಸಿದರೆ ಒಡಲಿನ ಮಟ್ಟಿಗೆ ಲೆಕ್ಕ ಸರಿಹೋದೀತು, ಅಂಚಿಗೂ ಸೆರಗಿಗೂ ಹೊಂದದು. ಹಾಗೆಯೇ ಕೆಲಸ ಒಂದೇ ಹದದಲ್ಲಿ ನಡೆದರೆ ಮಾತ್ರ ಕೌಂಟರ್‌ನ ಈ ಅಂದಾಜು ನಂಬಲರ್ಹ. ಮೈಕ್ರೋಸೆಕೆಂಡುಗಳಲ್ಲಿ ಮುಗಿಯುವ ಫಂಕ್ಷನ್‌ಗಂತೂ ಅಂದಾಜೂ ಉಳಿಯುವುದಿಲ್ಲ: ಆಗ ಕೌಂಟರ್‌ನ ಸರದಿ ಇಲ್ಲದಿದ್ದರೆ ಎರಡೂ ಓದಿನಲ್ಲಿ ಅದೇ ಹಳೆಯ ಸಂಖ್ಯೆ ಬಂದು ವ್ಯತ್ಯಾಸ ಸೊನ್ನೆಯಾಗುತ್ತದೆ. ಏನೂ ನಡೆಯಲಿಲ್ಲ ಎಂದು ಆ ಸೊನ್ನೆಯನ್ನು ಓದುವುದು ತಪ್ಪು. ಯಾರೂ ಎಣಿಸಲಿಲ್ಲ ಎಂದು ಓದುವುದು ಸರಿ. 2015ರ ಸೌಲಭ್ಯ ಒಂದೇ ಸಂಖ್ಯೆ ಕೊಡುತ್ತಿತ್ತು, ದೋಷಸೂಚನೆಯೂ ಅದೇ ಸಂಖ್ಯೆಯಲ್ಲಿ ಬೆರೆತು ಬರುತ್ತಿತ್ತು. 2018ರ ಜನವರಿಯ 4.15ನೇ ಆವೃತ್ತಿಯಿಂದ ಎಣಿಕೆಯ ಜೊತೆಗೆ ಒಟ್ಟು ಸಮಯ, ನಿಜವಾಗಿ ಎಣಿಸಿದ ಸಮಯ ಎರಡೂ ಸಿಗುತ್ತವೆ. ಹಳೆಯದನ್ನೇ ಬಳಸುತ್ತಿರಲು ಈಗ ಯಾವ ಸಕಾರಣವೂ ಇಲ್ಲ.

ಲಕ್ಷ ಸಲ ಅಳೆದು ಸರಾಸರಿ ತೆಗೆದರೆ ದೋಷ ಕರಗುತ್ತದೆ ಎಂಬುದು ಗಟ್ಟಿಯಾದ ಆಕ್ಷೇಪವೇ. ಎರಡೂ ಕಡೆಗೆ ಸಮನಾಗಿ ಬೀಳುವ ದೋಷ ಕರಗುತ್ತದೆ, ಒಂದೇ ಕಡೆಗೆ ವಾಲಿದ್ದು ಕರಗದು. ಪ್ರೋಬ್‌ನ ಭಾರ ಯಾವಾಗಲೂ ಕೂಡಿಕೆಯೇ. ಪ್ರತಿ ಹಾರ್ಡ್‌ವೇರ್ ಇಂಟರಪ್ಟ್ ಕೂಡ ಎಕ್ಸ್86 ಪ್ರೊಸೆಸರ್‌ಗಳಲ್ಲಿ ಇನ್‌ಸ್ಟ್ರಕ್ಷನ್ ಎಣಿಕೆಯನ್ನು ಏರಿಸುತ್ತದೆ ಎಂದು ವಿನ್ಸೆಂಟ್ ವೀವರ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದ್ದಾರೆ. ಇಂಥವನ್ನು ಲಕ್ಷ ಸಲ ಕೂಡಿಸಿ ಲಕ್ಷದಿಂದ ಭಾಗಿಸಿದರೆ ಅದೇ ತಪ್ಪು ಇನ್ನಷ್ಟು ದಶಮಾಂಶ ಸ್ಥಾನಗಳೊಂದಿಗೆ ಎದುರು ನಿಲ್ಲುತ್ತದೆ.

ಹಾಗೆಂದು ಈ ಕೌಂಟರ್‌ಗಳನ್ನು ಕೈಬಿಡಬೇಕಿಲ್ಲ. ಕರ್ನಲ್‌ನೊಳಗಿನ ನಿಧಾನಕ್ಕೆ ಕಾರಣ ಹುಡುಕಲು ಇವುಗಳಷ್ಟು ಸಮೀಪದ ಸಾಕ್ಷಿ ಕಡಿಮೆ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಲ್ಲೋ ಬೇರೆ ಕಡೆಯೋ ಪ್ರಾಜೆಕ್ಟ್‌ಗಾಗಿ ಇದನ್ನು ಹಿಡಿಯುವವರು ನೇರವಾಗಿ ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್‌ನಲ್ಲೇ ಶುರುಮಾಡಲಿ, ಏಕೆಂದರೆ ಬಾಡಿಗೆಯ ವರ್ಚುವಲ್ ಮಷಿನ್‌ಗಳು ಎಷ್ಟೋ ಸಲ ಕೌಂಟರ್‌ಗಳನ್ನು ತೋರಿಸುವುದೇ ಇಲ್ಲ. ಒಂದೆರಡು ಘಟನೆಗಳನ್ನಷ್ಟೇ ಎಣಿಸಿ. ಎರಡೂ ಓದಿನಲ್ಲಿ ಸಿಪಿಯು ಸಂಖ್ಯೆ ಬರೆದಿಟ್ಟುಕೊಂಡು, ಬೇರೆಯಾದರೆ ಆ ಅಳತೆಯನ್ನು ಬಿಟ್ಟುಬಿಡಿ. ನಡುವೆ ಟಾಸ್ಕ್ ಬದಲಾಗಿದ್ದರೂ ಹಾಗೆಯೇ. ವರದಿಯಲ್ಲಿ ಎಣಿಕೆಯ ಪಕ್ಕದಲ್ಲೇ ಪ್ರೊಸೆಸರ್‌ನ ಹೆಸರು, ಕರ್ನಲ್ ಆವೃತ್ತಿ, ಕೌಂಟರ್ ನಿಜವಾಗಿ ಓಡಿದ ಸಮಯ ಇರಲಿ. ಇವಿಲ್ಲದ ಸಂಖ್ಯೆಯನ್ನು ದಯವಿಟ್ಟು ಪ್ರಕಟಿಸಬೇಡಿ.