ಸ್ವಯಾರ್ಜಿತವೆಂಬ ಭ್ರಾಂತಿ

“ಉಗುಳು ನನ್ನದು, ತೆತ್ತ ಹಣವೂ ನನ್ನದು, ನನ್ನ ವಂಶವಾಹಿಗಳನ್ನು ನಾನು ಪರೀಕ್ಷಿಸಿಕೊಂಡರೆ ಮತ್ತೊಬ್ಬರಿಗೇನು ನಷ್ಟ?” ಎಂದು ಕೇಳುವ ಸುಶಿಕ್ಷಿತರನ್ನು ಕಂಡಾಗಲೆಲ್ಲ ನನ್ನ ತಾಳ್ಮೆ ತಪ್ಪುತ್ತದೆ. ತಾನು ಪರೀಕ್ಷೆಗೇ ಹೋಗದವನಾದ್ದರಿಂದ ತನ್ನ ಗುಟ್ಟು ಭದ್ರವೆಂದು ಬೀಗುವವನೂ ಇವರ ಸಂಬಂಧಿಕನೇ. ಇಬ್ಬರೂ ವಂಶವಾಹಿಯನ್ನು ಸ್ವಯಾರ್ಜಿತ ಸೊತ್ತೆಂದು ಬಗೆದಿದ್ದಾರೆ. ಅದು ಪಿತ್ರಾರ್ಜಿತ, ಭಾಗವಾಗದ ಜಮೀನಿನಂತೆ, ಅಣ್ಣನು ತನ್ನದೆಂದು ಬರೆದುಕೊಟ್ಟ ಪತ್ರದಲ್ಲಿ ತಮ್ಮನ ಪಾಲೂ ಸೇರಿಹೋಗುವಂಥದು.

ಕ್ಯಾಲಿಫೋರ್ನಿಯಾದಲ್ಲಿ 1970 ಮತ್ತು 80ರ ದಶಕಗಳಲ್ಲಿ ಕೊಲೆ, ಅತ್ಯಾಚಾರಗಳನ್ನೆಸಗಿ, ಅನಂತರ ದಶಕಗಳ ಕಾಲ ಯಾರ ಸಂಶಯಕ್ಕೂ ಸಿಲುಕದೆ ಬದುಕಿದ, ತಾನೇ ಒಂದು ಕಾಲಕ್ಕೆ ಪೊಲೀಸನಾಗಿದ್ದ ಜೋಸೆಫ್ ಡಿಏಂಜೆಲೊ ಯಾವ ಸಂಸ್ಥೆಗೂ ಉಗುಳನ್ನು ಕಳುಹಿಸಿದವನಲ್ಲ. ಅಪರಾಧದ ಸ್ಥಳದಲ್ಲಿ ದೊರೆತಿದ್ದ ಡಿಎನ್‌ಎಯನ್ನು, ವಂಶಾವಳಿಯ ಹವ್ಯಾಸಿಗಳು ಸ್ವಸಂತೋಷದಿಂದ ತಮ್ಮ ಫಲಿತಾಂಶಗಳನ್ನು ತುಂಬಿದ್ದ ಜೆಡ್‌ಮ್ಯಾಚ್ ಎಂಬ ಭಂಡಾರದೊಡನೆ ತಾಳೆ ನೋಡಿದಾಗ ಸಿಕ್ಕವರು ಅವನ ದೂರದ ದಾಯಾದಿಗಳು. ಅವರ ಮುತ್ತಜ್ಜಂದಿರಿಗಿಂತ ಹಿಂದಿನ ತಲೆಮಾರಿಗೆ ಏರಿ, ಅಲ್ಲಿಂದ ಕವಲುಕವಲಾಗಿ ಇಳಿದು, ವಯಸ್ಸು ಊರುಗಳನ್ನು ಹೊಂದಿಸುತ್ತ ಬಂದ ತನಿಖೆಗಾರರು, ಅವನ ಕಾರಿನ ಬಾಗಿಲ ಹಿಡಿಯನ್ನು ಒರೆಸಿಕೊಂಡು, ಕಸದ ತೊಟ್ಟಿಯಿಂದ ಟಿಶ್ಯೂ ಕಾಗದವೊಂದನ್ನೆತ್ತಿ ಖಚಿತಪಡಿಸಿಕೊಂಡ ಮೇಲೆ, 2018ರ ಏಪ್ರಿಲ್‌ನಲ್ಲಿ ಅವನನ್ನು ಸೆರೆಹಿಡಿದರು. ಪಾತಕಿ ಸಿಕ್ಕಿದುದು ಒಳಿತೇ. ಆದರೆ ಆ ಹಾದಿ ಪಾತಕಿಗಳ ಮನೆಗೆ ಮಾತ್ರ ಹೋಗುವುದೆಂದು ಯಾರು ಹೇಳಿದರು? ಸುಮಾರು 12.8 ಲಕ್ಷ ಜನರ ಭಂಡಾರವೊಂದನ್ನು ಪರಿಶೀಲಿಸಿದ ಯಾನಿವ್ ಎರ್ಲಿಖ್ ಮತ್ತು ಸಂಗಡಿಗರು, ಐರೋಪ್ಯ ಮೂಲದ ಅಮೆರಿಕನ್ನರಲ್ಲಿ ನೂರಕ್ಕೆ 60ರಷ್ಟು ಮಂದಿಗೆ, ಮುತ್ತಜ್ಜನ ತಂದೆಯ ಕಾಲಕ್ಕೆ ಕವಲೊಡೆದವನೋ ಇನ್ನೂ ಹತ್ತಿರದವನೋ ಒಬ್ಬ ಜ್ಞಾತಿ ಅದರಲ್ಲಿ ದೊರೆಯುವನೆಂದು ಅದೇ ವರ್ಷ ತೋರಿಸಿದರು.

ಹೆಸರನ್ನು ತೆಗೆದರೆ ಗುರುತೂ ಹೋಯಿತೆಂಬ ಸಮಾಧಾನ, ಅನಾಮಿಕವೆನಿಸಿದ್ದ ವೈ ವರ್ಣತಂತುವಿನಿಂದ ಮನೆತನದ ಹೆಸರನ್ನೇ ಸಂಶೋಧಕರು ಊಹಿಸಿದ 2013ರಲ್ಲೇ ಮುರಿದುಬಿತ್ತು. ಮಾಹಿತಿ ಕಳುವಾದರೆ ಪಾಸ್‌ವರ್ಡ್ ಬದಲಿಸಿದರಾಯಿತೆನ್ನುವವರು ವಂಶವಾಹಿಯನ್ನು ಬದಲಿಸುವ ಬಗೆಯನ್ನೂ ದಯವಿಟ್ಟು ತಿಳಿಸಲಿ.

ಪಂಚಾಂಗವನ್ನು ಕಂಡು ನಗುವ ನಮ್ಮ ವಿದ್ಯಾವಂತ, ಕ್ರಯಪತ್ರವನ್ನು ವಕೀಲನಿಗೆ ತೋರಿಸದೆ ಸಹಿಮಾಡದವನು, ಪ್ರಯೋಗಾಲಯದ ಮುದ್ರೆಯೊಂದು ಕಂಡೊಡನೆ ಪರಮ ಭಕ್ತನಾಗಿ, ಪುಟಗಟ್ಟಲೆ ಷರತ್ತುಗಳ ಮೇಲೆ ಕಣ್ಣನ್ನೂ ಹಾಯಿಸದೆ ಸಮ್ಮತಿಯ ಗುಂಡಿಯನ್ನೊತ್ತುತ್ತಾನೆ. ಹೀಗೆ ಒಪ್ಪಿದವರ ಉಗುಳನ್ನು ಪರೀಕ್ಷಿಸುವ ಟ್ವೆಂಟಿತ್ರೀ ಅಂಡ್ ಮಿ ಸಂಸ್ಥೆಯಲ್ಲಿ 2023ರಲ್ಲಿ ಕಳ್ಳರು ಹೊಕ್ಕದ್ದು ಸುಮಾರು 14,000 ಖಾತೆಗಳಿಗೆ. ಬಂಧುಗಳನ್ನು ಹುಡುಕಿಕೊಡುವ ಸೌಕರ್ಯದ ಮೂಲಕ ಅವರಿಗೆ ದಕ್ಕಿದ್ದು ಸುಮಾರು 69 ಲಕ್ಷ ಜನರ ವಿವರ. 2025ರ ಮಾರ್ಚ್‌ನಲ್ಲಿ ಆ ಸಂಸ್ಥೆ ದಿವಾಳಿಯ ಅಂಚಿಗೆ ಬಂದಾಗ, ಮಾಹಿತಿಯನ್ನು ಅಳಿಸಿಕೊಳ್ಳುವ ಹಕ್ಕುಂಟೆಂದು ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಗ್ರಾಹಕರನ್ನು ಎಚ್ಚರಿಸಿದರು. ಗ್ರಾಹಕನೇನೋ ಅಳಿಸಿಕೊಂಡಾನು, ಎಂದೂ ಉಗುಳದ ಅವನ ದಾಯಾದಿಗೆ ಅಳಿಸಲು ಖಾತೆಯೇ ಇಲ್ಲ.